ಹಳೇ ಪೇಟೆಯ ಇಟ್ಟಿಗೆ ಮನೆ, ಮೂರ್ನಾಲ್ಕು ಸಲ ಬದಲಾಗಿದೆ: ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟಬಾರದು?

ಮೂರಂಕಣ:

ಮನೆ ಇರುವುದು ದಾವಣಗೆರೆ ಹಳೇ ಪೇಟೆಯಲ್ಲಿ, ಹಗೇದಿಬ್ಬ ಸರ್ಕಲ್ ಆಸುಪಾಸು. ಬೀದಿಗೆ 24 ಅಡಿ ಅಗಲ, ಒಳಕ್ಕೆ 62 ಅಡಿ ಉದ್ದ. ಮುಂದೆ ಜಗಲಿ ಇತ್ತು, ಈಗಿಲ್ಲ. ಮೂರು ಅಂಕಣದ (ಕಂಬದಿಂದ ಕಂಬಕ್ಕೆ ಒಂದು ಅಂಕಣ) ಪಡಸಾಲೆ, ಆಮೇಲೆ ತೊಟ್ಟಿ (ಆಕಾಶಕ್ಕೆ ತೆರೆದ ಒಳಾಂಗಳ), ಅದರ ಹಿಂದೆ ಅಡುಗೆಮನೆ, ಬಚ್ಚಲು, ಹಿತ್ತಲು. ಗೋಡೆ 18 ಇಂಚು ದಪ್ಪ. ಕೆಳಗಿನ ಮೂರಡಿ ಕಲ್ಲು, ಮೇಲೆ ಇಟ್ಟಿಗೆ. ಒಳಗೆ ಮಣ್ಣಿನ ಕೆಸರಲ್ಲಿ ಕಟ್ಟಿದ್ದು, ಹೊರಗೆ ಸುಣ್ಣದ ಗಾರೆ.

ಬದಲಾವಣೆಗಳು ನನಗೆ ತಿಳಿದಷ್ಟು: ಪಡಸಾಲೆಯ ಮೇಲೆ ಈಗ ಮದ್ರಾಸ್ ತಾರಸಿ (ಮರದ ಜಂತೆ, ಅಂದರೆ ಅಡ್ಡ ತೊಲೆಗಳ ಮೇಲೆ ಇಟ್ಟಿಗೆ-ಸುಣ್ಣದ ಹಾಸು) ಇದೆ, ಮೊದಲು ಮಣ್ಣಿನ ಮಾಳಿಗೆ (ಮಣ್ಣು ಹಾಸಿದ ಚಾವಣಿ) ಇತ್ತಂತೆ. ಎಪ್ಪತ್ತರ ದಶಕದಲ್ಲಿ ತೊಟ್ಟಿಗೆ ಆರ್‌ಸಿಸಿ ಮೋಲ್ಡ್ (ಕಬ್ಬಿಣ ಸೇರಿದ ಕಾಂಕ್ರೀಟ್ ಚಾವಣಿ) ಹಾಕಿ ಮುಚ್ಚಿದ್ದಾರೆ. ಎಂಬತ್ತರಲ್ಲಿ ತಾರಸಿಯ ಮೇಲೆ ಒಂದು ರೂಮು ಎದ್ದಿದೆ. ತೊಂಬತ್ತರಲ್ಲಿ ಜಗಲಿ ಕಿತ್ತು ಮುಂದಿನ ಗೋಡೆ ಒಡೆದು 8 ಅಡಿಯ ಷಟರ್ ಕೂರಿಸಿ ಅಂಗಡಿ ಮಾಡಿದ್ದಾರೆ. ಕೊನೆಗೆ ಬಹುತೇಕ ಗೋಡೆಗಳಿಗೆ ಒಳಗೆ ಐದಡಿವರೆಗೆ ಸಿಮೆಂಟ್ ಪ್ಲಾಸ್ಟರ್, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಒಂದು ಕೋಣೆಯಲ್ಲಿ ಮಾತ್ರ ಹಳೆಯ ರೆಡ್ ಆಕ್ಸೈಡ್ ನೆಲ ಉಳಿದಿದೆ.

ತೊಂದರೆ: ಪಡಸಾಲೆ ಗೋಡೆಯಲ್ಲಿ ತೇವ ಸಿಮೆಂಟ್ ಪ್ಲಾಸ್ಟರನ್ನೂ ದಾಟಿ ಮೇಲೆ ಬಂದಿದೆ, ಆರಡಿ ಎತ್ತರದಲ್ಲಿ ಉಪ್ಪು ಬಿಟ್ಟು ಬಣ್ಣ ಹಪ್ಪಳದಂತೆ ಏಳುತ್ತಿದೆ. ಷಟರ್‌ನ ಬಲ ಮೂಲೆಯಿಂದ ಓರೆಯಾಗಿ ಬಿರುಕು, ಕೆಳಗೆ ಕೂದಲೆಳೆ, ಮೇಲೆ 5 ಮಿ.ಮೀ. ತಾರಸಿಯ ಎರಡು ಜಂತೆ ಬಾಗಿವೆ. ರಸ್ತೆ ಮೇಲೆ ರಸ್ತೆ ಹಾಕಿ ಬೀದಿ ಒಂದೂವರೆ ಅಡಿ ಏರಿದೆ, ಈಗ ಹೊಸ್ತಿಲು ದಾಟಿದರೆ ಮೆಟ್ಟಿಲು ಇಳಿಯಬೇಕು.

ಒಬ್ಬ ಗುತ್ತಿಗೆದಾರರು ಗೋಡೆಗೆ ರಂಧ್ರ ಕೊರೆದು ಕೆಮಿಕಲ್ ಇಂಜೆಕ್ಷನ್ (ತೇವ ಏರದಂತೆ ತಡೆಯುವ ದ್ರವ) ಕೊಟ್ಟು, ವಾಟರ್‌ಪ್ರೂಫ್ ಪ್ಲಾಸ್ಟರ್ ಮಾಡೋಣ ಎಂದಿದ್ದಾರೆ. ಮಾಡಿಸಬಹುದೇ? ಇನ್ನೊಂದು: ಅಡುಗೆಮನೆಯ ಮಂಗಳೂರು ಹೆಂಚಿನ ಮೇಲೆ 1865 ಎಂಬ ಅಚ್ಚಿದೆ. ಮನೆ ನಿಜಕ್ಕೂ ಅಷ್ಟು ಹಳೆಯದೇ?


ಸುಣ್ಣಸುರ್ಕಿ:

ಹೆಂಚಿನ ಮಾತು ಮೊದಲು ಮುಗಿಸುತ್ತೇನೆ. 1865 ಬಾಸೆಲ್ ಮಿಷನ್ (ಸ್ವಿಸ್ ಕ್ರೈಸ್ತ ಸಂಸ್ಥೆ) ಹೆಂಚಿನ ಕಾರ್ಖಾನೆ ಮಂಗಳೂರಿನಲ್ಲಿ ಶುರುವಾದ ವರ್ಷ. ಹೆಂಚು ತಯಾರಾದ ವರ್ಷವಲ್ಲ, ಗುರುತಿನ ಅಚ್ಚು ಅಷ್ಟೇ. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು, ಆ ಹೆಸರಿದ್ದರೆ ಹೆಂಚು ಆಮೇಲಿನದು. ಹೆಂಚು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಸಾಮಾನು. ಅದರಿಂದ ಗೋಡೆಯ ವಯಸ್ಸು ಹೇಳಲಾಗದು.

ಗೋಡೆಯ ವಯಸ್ಸನ್ನು ಗೋಡೆಯಲ್ಲೇ ಓದಬೇಕು. ಪ್ರತಿ ಕೋಣೆಯಲ್ಲೂ ಕಾಣದ ಜಾಗದಲ್ಲಿ, ಬಾಗಿಲ ಹಿಂದೆ, ಒಂದು ಅಡಿ ಚೌಕ ಪ್ಲಾಸ್ಟರ್ ತೆಗೆದು ಇಟ್ಟಿಗೆ ಅಳೆಯಿರಿ. ಒಂದೇ ಇಟ್ಟಿಗೆ ಸಾಲದು. ಹತ್ತು ವರಸೆಯ (ಇಟ್ಟಿಗೆ ಸಾಲಿನ) ಒಟ್ಟು ಎತ್ತರ ಅಳೆದು ಬರೆದಿಟ್ಟುಕೊಳ್ಳಿ, ಆಗ ಗಾರೆಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ತೆಳುವಾದ ನಾಡ ಇಟ್ಟಿಗೆ ಒಂದೂವರೆ, ಎರಡು ಇಂಚು ದಪ್ಪದ್ದು, ಆಮೇಲಿನದು 9×4½×3 ಇಂಚಿನದು. ಎಲ್ಲಿ ಅಳತೆ ಬದಲಾಗುತ್ತದೋ ಅಲ್ಲಿ ಕೈ ಬದಲಾಗಿದೆ. ಎರಡು ಗೋಡೆ ಸೇರುವ ಕಡೆ ಇಟ್ಟಿಗೆಗಳು ಒಂದರೊಳಗೊಂದು ಕಚ್ಚಿಕೊಂಡಿವೆಯೋ ಅಥವಾ ಮೇಲಿಂದ ಕೆಳಗೆ ನೇರ ಸಂದು ಇದೆಯೋ ನೋಡಿ. ನೇರ ಸಂದು ಇದ್ದರೆ ಅಲ್ಲಿ ಒಂದು ಗೋಡೆ ಆಮೇಲೆ ಬಂದು ಒರಗಿದೆ ಎಂದರ್ಥ, ಅದು ಇನ್ನೊಂದನ್ನು ಹಿಡಿದುಕೊಂಡಿಲ್ಲ. ತಾರಸಿಯ ಕೆಳಗೆ ಅರ್ಧ ಅಡಿ ಅಂತರದಲ್ಲಿ ಮುಚ್ಚಿದ ಚೌಕ ಗುರುತುಗಳಿದ್ದರೆ ಅವು ಹಳೆಯ ಮಾಳಿಗೆಯ ತೊಲೆ ಕೂತಿದ್ದ ಗೂಡುಗಳು.

ಆ ಮಣ್ಣಿನ ಮಾಳಿಗೆ ನಿಮ್ಮ ಉಪ್ಪಿಗೂ ಸಂಬಂಧಿಸಿದ್ದಿರಬಹುದು. ನಮ್ಮ ಬಯಲುಸೀಮೆಯಲ್ಲಿ ಮಾಳಿಗೆಯ ಮೇಲೆ ಕರಲು ಮಣ್ಣು ಹಾಕುತ್ತಿದ್ದುದು ಅದು ನೀರನ್ನು ಬೇಗ ಇಳಿಬಿಡದು ಎಂಬ ಕಾರಣಕ್ಕೆ. ಕರಲು ಎಂದರೆ ಉಪ್ಪೇ. ಮಾಳಿಗೆ ಸೋರಿದಾಗೆಲ್ಲ ಆ ಉಪ್ಪು ಗೋಡೆಯ ತಲೆಯಿಂದ ಕೆಳಗಿಳಿಯುತ್ತದೆ. ಹಾಗಾಗಿ ಉಪ್ಪು ಕಂಡಲ್ಲೆಲ್ಲ ನೆಲದಿಂದಲೇ ಏರಿದ್ದು ಎಂದು ತೀರ್ಮಾನಿಸಬೇಡಿ. ಡ್ರಿಲ್‌ನಿಂದ ಅರ್ಧ ಅಡಿ, 2 ಅಡಿ, 4 ಅಡಿ, 6 ಅಡಿ, 8 ಅಡಿ ಎತ್ತರದಲ್ಲಿ ನಾಲ್ಕು ಇಂಚು ಒಳಗಿನ ಪುಡಿ ತೆಗೆಯಿರಿ. ತಕ್ಷಣ ಡಬ್ಬಿಗೆ ಹಾಕಿ ತೂಗಿ, 105 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ತೂಗಿ. ತೇವ ಕೆಳಗೆ ಹೆಚ್ಚಿದ್ದು ಮೇಲೆ ಹೋದಂತೆ ಇಳಿದರೆ ನೆಲದ ನೀರು. ಮೇಲೆ ಹೆಚ್ಚಿದ್ದರೆ ತಾರಸಿ. ನಡುವೆ ಒಂದೇ ಕಡೆ ಹೆಚ್ಚಿದ್ದರೆ ಪೈಪು.

ಇಂಜೆಕ್ಷನ್ ಬೇಡ. ಅದು ಕೆಲಸ ಮಾಡಬೇಕಾದರೆ ರಂಧ್ರದಿಂದ ರಂಧ್ರಕ್ಕೆ ದ್ರವ ಒಂದೇ ಸಾಲಾಗಿ ಹರಡಬೇಕು. ನಿಮ್ಮದು ಮಣ್ಣಿನ ಕೆಸರಿನ 18 ಇಂಚಿನ ಗೋಡೆ, ಕೆಳಗೆ ಕಲ್ಲು, ಮಧ್ಯೆ ಪೊಳ್ಳು. ದ್ರವ ಸಂದಿಗಿಳಿದು ಎಲ್ಲೋ ಹೋಗುತ್ತದೆ, ದುಡ್ಡೂ ಅದರ ಜೊತೆಗೆ. ವಾಟರ್‌ಪ್ರೂಫ್ ಪ್ಲಾಸ್ಟರಂತೂ ಈಗಿರುವ ರೋಗವನ್ನೇ ಇನ್ನೆರಡು ಅಡಿ ಮೇಲಕ್ಕೆ ಕಳಿಸುತ್ತದೆ. ಸುಣ್ಣದ ಗಾರೆ ಇದ್ದಾಗ ಗೋಡೆಗೆ ಏರಿದ ನೀರು ಎರಡು-ಮೂರು ಅಡಿಯಲ್ಲೇ ಗಾಳಿಗೆ ಆರಿ ಹೋಗುತ್ತಿತ್ತು. ಐದಡಿ ಸಿಮೆಂಟ್ ಬಳಿದ ಮೇಲೆ ಆರಲು ಜಾಗ ಸಿಕ್ಕುವುದು ಆರನೇ ಅಡಿಯಲ್ಲಿ, ನಿಮ್ಮ ಹಪ್ಪಳ ಎದ್ದಿರುವುದೂ ಅಲ್ಲೇ. ನೆಲದ ಟೈಲ್ಸ್ ಕೂಡ ಇದರಲ್ಲಿ ಪಾಲುದಾರ. ಮಣ್ಣು-ಗಾರೆ ನೆಲದಿಂದ ಆರುತ್ತಿದ್ದ ತೇವವನ್ನೆಲ್ಲ ಅದು ಗೋಡೆಯ ಕಡೆ ತಳ್ಳುತ್ತಿದೆ. ಆ ರೆಡ್ ಆಕ್ಸೈಡ್ ಕೋಣೆಯ ಗೋಡೆ ಉಳಿದವಕ್ಕಿಂತ ಒಣಗಿದೆಯೇ, ನೋಡಿ ಹೇಳಿ.


ತೊಲೆಜಂತೆ:

ತೇವ ನಿಧಾನಕ್ಕೆ ನೋಡ್ರಿ, ಮೊದಲು ಆ ಷಟರ್ ಮೂಲೆ. ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ ಎಂದರೆ ಷಟರ್‌ಗೂ ಮನೆಯ ಮೂಲೆಗೂ ನಡುವೆ ಉಳಿದಿರುವ ಗೋಡೆಯ ತುಂಡು ಹೊರಕ್ಕೆ ವಾಲುತ್ತಿರುವ ಲಕ್ಷಣ. ಆ ತುಂಡಿನ ಅಗಲ ಎಷ್ಟು? ಷಟರ್ ಮೇಲಿನ ತೊಲೆ ಅದರ ಮೇಲೆ ಎಷ್ಟು ಇಂಚು ಕೂತಿದೆ? ತೂಕದ ಗುಂಡು ಬಿಟ್ಟು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳತೆ ತಗೊಳ್ರಿ. ಬಿರುಕಿನ ಎರಡೂ ಬದಿಗೆ ಒಂದೊಂದು ಸಣ್ಣ ಸ್ಕ್ರೂ ಕೂರಿಸಿ ವರ್ನಿಯರ್ ಕ್ಯಾಲಿಪರ್‌ನಿಂದ ಹದಿನೈದು ದಿನಕ್ಕೊಮ್ಮೆ ಅಳೆದು ತಾರೀಖು ಸಮೇತ ಬರೀರಿ. ನಿಮ್ಮ ಕಡೆ ಎರೆ ಮಣ್ಣು (ನೀರಿಗೆ ಉಬ್ಬಿ, ಒಣಗಿದಾಗ ಕುಗ್ಗುವ ಕಪ್ಪು ಮಣ್ಣು) ಇದ್ದರೆ ಬಿರುಕು ಬೇಸಿಗೆಯಲ್ಲಿ ಬಿಡುತ್ತದೆ, ಮಳೆಗಾಲದಲ್ಲಿ ಕೂಡುತ್ತದೆ. ಯಾವ ಕಾಲಕ್ಕೂ ಕೂಡದೆ ಬರೀ ಬಿಡುತ್ತಲೇ ಹೋದರೆ ಮಣ್ಣಿನದಲ್ಲ, ಭಾರದ್ದು. ಭಾರದ್ದಾದರೆ ವರ್ಷ ಕಾಯಬಾರದು.

ಭಾರದ ಲೆಕ್ಕ ಹೀಗಿದೆ. ಮೇಲಿನ ರೂಮಿನದು 4½ ಇಂಚಿನ ಗೋಡೆ, 10 ಅಡಿ ಎತ್ತರ ಎಂದಿಟ್ಟುಕೊಂಡರೆ ಉದ್ದದ ಒಂದೊಂದು ಅಡಿಗೆ 200 ಕೆ.ಜಿ., ಎರಡೂ ಬದಿ ಪ್ಲಾಸ್ಟರ್ ಸೇರಿ 250. ಅದು ಕೆಳಗಿನ ಗೋಡೆಯ ನೇರಕ್ಕೆ ಇದ್ದರೆ ಸರಿ. ತಾರಸಿಯ ನಡುವೆ, ಜಂತೆಯ ಉದ್ದಕ್ಕೇ ನಿಂತಿದ್ದರೆ ಇಡೀ ಗೋಡೆ ಒಂದೋ ಎರಡೋ ಜಂತೆಯ ಮೇಲೆ ಕೂತಿದೆ. ಬಾಗಿರುವ ಎರಡು ಜಂತೆ ಅವೇ ಆಗಿರುತ್ತವೆ. ಇನ್ನೊಂದು ನೋಡ್ರಿ: ತಾರಸಿ ಸೋರಿದಾಗ ಮೇಲೆ ಸಿಮೆಂಟ್ ಕಾಂಕ್ರೀಟ್ ಹಾಕಿದ್ದಾರಾ? ಮೂರು ಇಂಚು ಹಾಕಿದರೆ ನೂರು ಚದರಡಿಗೆ ಒಂದೂವರೆ ಟನ್ ಸೇರಿತು. ಮದ್ರಾಸ್ ತಾರಸಿಯ ಜಂತೆಗಳಿಗೆ ಅದು ದೊಡ್ಡ ಹೊರೆ. ಹಾಕಿದ್ದು ಸೋರುವುದನ್ನೂ ನಿಲ್ಲಿಸುವುದಿಲ್ಲ. ಕೆಳಗಿನ ಸುಣ್ಣ-ಇಟ್ಟಿಗೆಯ ಹಾಸು ಬಿಸಿಲಿಗೆ ಒಂದು ರೀತಿ ಹಿಗ್ಗಿದರೆ ಮೇಲಿನ ಕಾಂಕ್ರೀಟ್ ಇನ್ನೊಂದು ರೀತಿ ಹಿಗ್ಗಿ ಬಿರುಕು ಬಿಡುತ್ತದೆ. ನೀರು ಇಳಿಯುತ್ತದೆ, ಆರುವುದಿಲ್ಲ, ಜಂತೆಯ ತುದಿ ಕೊಳೆಯುತ್ತದೆ.

ಜಂತೆಯನ್ನು ಕಣ್ಣಿಂದ ನೋಡಿ ಬಿಡಬೇಡ್ರಿ. ನಡುಭಾಗ ತೇಗ ಗಟ್ಟಿಯಾಗೇ ಇರುತ್ತದೆ, ಕೆಡುವುದು ಗೋಡೆಯೊಳಗೆ ಕೂತ ಆರೇಳು ಇಂಚು. ದಬ್ಬಳ ಹಿಡಿದು ಗೋಡೆಯಂಚಲ್ಲಿ ಓರೆಯಾಗಿ ಚುಚ್ಚಿ. ಕಾಲಿಂಚಿಗಿಂತ ಹೆಚ್ಚು ಸಲೀಸಾಗಿ ಇಳಿದರೆ ತುದಿ ಹೋಗಿದೆ. ಇಡೀ ಜಂತೆ ಬದಲಿಸುವ ಅಗತ್ಯ ಬಹಳ ಸಲ ಇರುವುದಿಲ್ಲ. ಕೆಳಗೆ ಜಾಕ್ ಕೊಟ್ಟು, ಕೊಳೆತಷ್ಟನ್ನು ಕತ್ತರಿಸಿ, ಎರಡೂ ಬದಿಗೆ ಉಕ್ಕಿನ ಪಟ್ಟಿ ಕೂಡಿಸಿ ಆಚೆಯಿಂದ ಈಚೆಗೆ ತೂರುವ ಬೋಲ್ಟ್ ಹಾಕಬಹುದು. ಪಟ್ಟಿ ಗಟ್ಟಿ ಮರದ ಮೇಲೆ ಕನಿಷ್ಠ ಎರಡಡಿ ಓಡಬೇಕು. ಪಟ್ಟಿಯ ದಪ್ಪ, ಬೋಲ್ಟಿನ ಲೆಕ್ಕ ಎಂಜಿನಿಯರ್ ಕೈಲಿ ಹಾಕಿಸಿ. ಹೊಸ ತುದಿ ಗೋಡೆಯಲ್ಲಿ ಕೂರುವಾಗ ಕೆಳಗೊಂದು ಹಾಸುಗಲ್ಲು (ಭಾರ ಹರಡುವ ಚಪ್ಪಡಿ), ಸುತ್ತ ಅರ್ಧ ಇಂಚು ಗಾಳಿ. ಗೂಡಿಗೆ ಸಿಮೆಂಟ್ ತುಂಬಿ ಬಿಗಿ ಮಾಡುವುದೇ ಎಲ್ಲರೂ ಮಾಡುವ ತಪ್ಪು. ಬಾಗಿದ ಜಂತೆಯನ್ನು ಜಾಕ್‌ನಿಂದ ಎತ್ತಿ ನೇರ ಮಾಡಲು ಹೋಗಬೇಡ್ರಿ. ಅಷ್ಟು ವರ್ಷ ಬಾಗಿದ ಮರ ನೇರ ಆಗದು, ಮೇಲಿನ ಇಟ್ಟಿಗೆ ಹಾಸು ಸೀಳುತ್ತದೆ. ಭಾರ ಹಿಡಿಯುವಷ್ಟು ಬಿಗಿ ಸಾಕು.


ದುರ್ಗದ ಗರಸು:

ಸುಣ್ಣಸುರ್ಕಿ ಅವರು ರೋಗ ಸರಿಯಾಗಿ ಹೇಳಿದ್ದಾರೆ, ಆದರೆ ಅದರ ಮೂಲ ಕಾರಣ ಏರಿದ ರಸ್ತೆ. ಚಿತ್ರದುರ್ಗದ ಹಳೇ ಊರಲ್ಲಿ ಹೊರಗೋಡೆಯ ಪಕ್ಕ ಒಂದಡಿ ಅಗಲ, ಎರಡಡಿ ಆಳ ತೆಗೆದು, ರಂಧ್ರದ ಪೈಪ್ ಇಟ್ಟು 40 ಎಂ.ಎಂ. ಜಲ್ಲಿ ತುಂಬಿಸಿದರೆ ಒಂದು ಬೇಸಿಗೆಯಲ್ಲಿ ಗೋಡೆ ಒಣಗುತ್ತದೆ. ನಿಮ್ಮಲ್ಲೂ ಅದೇ ಮಾಡಿ. ಅಗೆಯುವಾಗ ಒಂದೇ ಸಲ ಉದ್ದಕ್ಕೂ ಅಗೆಯಬೇಡಿ. ನಾಲ್ಕಡಿ ತೆಗೆದು ತುಂಬಿ, ನಾಲ್ಕಡಿ ಬಿಟ್ಟು ಮುಂದಿನದು. ಈ ಮನೆಗಳ ತಳಪಾಯ ಎಷ್ಟೋ ಕಡೆ ಎರಡು-ಮೂರು ಅಡಿಗಿಂತ ಆಳವಿಲ್ಲ, ಅದರ ತಳಕ್ಕಿಂತ ಕೆಳಗೆ ಹೋದರೆ ಗೋಡೆ ಜಾರುತ್ತದೆ.

ನಮ್ಮ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ: ಕೋಟೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಪುರಾತನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡ ಇಲ್ಲವೇ ಇಲ್ಲ, ಇರುವ ಮನೆಯ ದುರಸ್ತಿಗೂ ಮೊದಲು ಅನುಮತಿ ಬೇಕು. ಕೆಲಸ ಶುರುಮಾಡಿ ಆಮೇಲೆ ಅರ್ಜಿ ಹಾಕಿದರೆ ಕೆಲಸ ಅರ್ಧಕ್ಕೆ ನಿಂತು, ಬಿಚ್ಚಿದ ಗೋಡೆ ಮಳೆಗೆ ಸಿಗುತ್ತದೆ.


ಸುಣ್ಣಸುರ್ಕಿ:

ದುರ್ಗದಲ್ಲಿ ನೆಲ ಗರಸು (ನೀರು ಇಳಿಯುವ ಒರಟು ಮಣ್ಣು), ಕಲ್ಲು. ಅಲ್ಲಿ ಜಲ್ಲಿ ಚರಂಡಿ ಸರಿ. ದಾವಣಗೆರೆಯ ಎರೆಯಲ್ಲಿ ಅದನ್ನೇ ಮಾಡಿದರೆ ಅನಾಹುತ. ಪೈಪಿನ ಇನ್ನೊಂದು ತುದಿ ಅದಕ್ಕಿಂತ ತಗ್ಗಿನ ಚರಂಡಿಗೆ ಸೇರದಿದ್ದರೆ, ರಸ್ತೆ ಒಂದೂವರೆ ಅಡಿ ಏರಿರುವ ಕಡೆ ಅದು ಸೇರುವುದು ಕಷ್ಟ, ಜಲ್ಲಿ ತುಂಬಿದ ಗುಂಡಿ ತಳಪಾಯದ ಪಕ್ಕದಲ್ಲೇ ನೀರು ಹಿಡಿದಿಡುವ ತೊಟ್ಟಿ ಆಗುತ್ತದೆ. ಎರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಗೋಡೆ ಎರಡಕ್ಕೂ ಕುಣಿಯುತ್ತದೆ. ಎರೆಯ ಮೇಲಿನ ಮನೆಗೆ ಬೇಕಾದ್ದು ಒಣಗುವುದಕ್ಕಿಂತ ಹೆಚ್ಚಾಗಿ ತೇವ ಒಂದೇ ಮಟ್ಟದಲ್ಲಿ ಇರುವುದು.

ಅದಕ್ಕೇ ಮೇಲ್ಮೈಯಲ್ಲೇ ನೀರನ್ನು ತಿರುಗಿಸುವ ದಾರಿ ಹೇಳುತ್ತೇನೆ. ಷಟರ್ ಇಲ್ಲದ ಭಾಗದಲ್ಲಿ ಜಗಲಿಯನ್ನು ಮತ್ತೆ ಕಟ್ಟಿಸಿ. ಜಗಲಿ ಕೂರುವುದಕ್ಕೆ ಮಾತ್ರ ಇದ್ದದ್ದಲ್ಲ, ಮಳೆನೀರು ನೆಲಕ್ಕೆ ಬಡಿದು ಗೋಡೆಗೆ ಸಿಡಿಯುವುದನ್ನು ಅದು ಎರಡಡಿ ಆಚೆ ತಡೆಯುತ್ತಿತ್ತು. ಒಳಗೆ ಮಣ್ಣು ತುಂಬಬೇಡಿ, ಅದು ಗೋಡೆಗೆ ತೇವ ದಾಟಿಸುತ್ತದೆ. ಮೂರಡಿಗೊಂದು ಗಿಡ್ಡ ಕಲ್ಲುಕಂಬ ನಿಲ್ಲಿಸಿ, ಮೇಲೆ ಚಪ್ಪಡಿ ಹಾಸಿ, ಕೆಳಗೆ ಪೊಳ್ಳು ಬಿಡಿ. ಚಪ್ಪಡಿ ಬೀದಿ ಕಡೆ 40ಕ್ಕೆ 1ರಂತೆ ಇಳಿಜಾರು. ಪೊಳ್ಳಿಗೆ ಎರಡೂ ತುದಿಯಲ್ಲಿ ಜಾಲರಿ ಕಿಂಡಿ.


ಮೂರಂಕಣ:

ಎಲ್ಲರಿಗೂ ಧನ್ಯವಾದ. ಹೇಳಿದಂತೆ ಅಳೆದೆ. ಷಟರ್ ಪಕ್ಕದ ಗೋಡೆಯ ತುಂಡು 14 ಇಂಚು ಅಗಲ, ಮೇಲಿನ ಗರ್ಡರ್ ಅದರ ಮೇಲೆ ಕೂತಿರುವುದು 5 ಇಂಚು ಮಾತ್ರ, ಕೆಳಗೆ ಹಾಸುಗಲ್ಲಿಲ್ಲ. ತುಂಡು ಮೇಲ್ಗಡೆ ಮುಕ್ಕಾಲು ಇಂಚು ಹೊರಗೆ ವಾಲಿದೆ. ತಾರಸಿಯ ಮೇಲೆ ಎರಡೂವರೆ ಇಂಚು ಸಿಮೆಂಟ್ ಕಾಂಕ್ರೀಟ್ ಇದೆ. ರೆಡ್ ಆಕ್ಸೈಡ್ ಕೋಣೆಯ ಗೋಡೆ ನಿಜವಾಗಿಯೂ ಒಣಗಿದೆ, ಅಲ್ಲಿ ಸುಣ್ಣದ ಗಾರೆಯೂ ಉಳಿದಿದೆ. ಪುಡಿ ಒಣಗಿಸಿ ತೂಗಿದ್ದರಲ್ಲಿ ತೇವ ಕೆಳಗೆ ಹೆಚ್ಚು. ಆದರೆ ಪಡಸಾಲೆಯ ಎಡಗೋಡೆಯಲ್ಲಿ ತೇವದ ಗೆರೆ ಸಮ ಇಲ್ಲ, ಒಂದು ಕಡೆ ಗುಡ್ಡದಂತೆ ಏರಿದೆ. ಅದರ ಎದುರು ನೆಲಕ್ಕೆ ಹಾರೆಯಿಂದ ತಟ್ಟಿದರೆ ಡೊಳ್ಳಿನ ಸದ್ದು.


ಸುಣ್ಣಸುರ್ಕಿ:

ಆ ಸದ್ದಿಗೆ ಹಗೇವು ಕಾರಣ ಇರಬಹುದು. ಜೋಳ ತುಂಬುತ್ತಿದ್ದ ನೆಲದಡಿಯ ಕಣಜ: ಬಾಯಿ ಕಿರಿದು, ಹೊಟ್ಟೆ ಅಗಲ. ಬಳಕೆ ನಿಂತ ಮೇಲೆ ಚಪ್ಪಡಿ ಮುಚ್ಚಿ ಮೇಲೆ ನೆಲ ಮಾಡಿಬಿಡುತ್ತಾರೆ. ಬಚ್ಚಲಿನ ಪೈಪು ಎಲ್ಲಾದರೂ ಒಡೆದಿದ್ದರೆ ನೀರು ಸೇರುವುದು ಅಲ್ಲಿಗೇ, ಗೋಡೆ ಅಲ್ಲಿಂದ ಹೀರುತ್ತದೆ.

ಬಾಯಿ ತೆಗೆದ ತಕ್ಷಣ ಯಾರನ್ನೂ ಇಳಿಸಬೇಡಿ, ಬಗ್ಗಿ ನೋಡುವುದೂ ಬೇಡ. ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ, ಇಂಗಾಲದ ಗಾಳಿ ತಳದಲ್ಲಿ ನಿಂತಿರುತ್ತದೆ. ಇಳಿದವರೂ ಅವರನ್ನು ಎತ್ತಲು ಇಳಿದವರೂ ಸಾಯುತ್ತಾರೆ. ಒಂದು ದಿನ ಪೂರ್ತಿ ತೆರೆದಿಟ್ಟು, ಪೈಪ್ ಕಟ್ಟಿದ ಬ್ಲೋವರ್‌ನಿಂದ ತಳಕ್ಕೆ ಗಾಳಿ ಊದಿ. ಆಮೇಲೂ ಆಮ್ಲಜನಕ ಅಳೆಯುವ ಮೀಟರ್ ಇಳಿಸಿ ನೋಡದೆ, ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಇಬ್ಬರಿಲ್ಲದೆ ಇಳಿಯಬಾರದು. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆಯೊಂದನ್ನೇ ನಂಬಬೇಡಿ.

ಗೋಡೆಯಿಂದ ದೂರ ಇದ್ದು ಗಟ್ಟಿಯಾಗಿದ್ದರೆ ಉಳಿಸಿಕೊಳ್ಳಿ, ಅದೂ ಮನೆಯ ಭಾಗವೇ. ಗೋಡೆಯ ತಳಪಾಯಕ್ಕೆ ತಾಗಿದ್ದರೆ ಮಾತ್ರ ತುಂಬಿಸಿ. ಒಡೆದ ಕಟ್ಟಡದ ಕಸ ಸುರಿಯಬಾರದು, ಅದು ಕೂರುತ್ತಲೇ ಇರುತ್ತದೆ. ಗರಸಿಗೆ ನೂರಕ್ಕೆ ಐದರಷ್ಟು ಸುಣ್ಣ ಬೆರೆಸಿ, ಆರಾರು ಇಂಚಿನ ಪದರ ಹಾಕಿ ದಮ್ಮಸ್ಸು ಮಾಡಿಸಿ.

ಗೋಡೆಯ ಗಾರೆಗೆ ಈಗ ಬನ್ನಿ. ಪ್ಲಾಸ್ಟರನ್ನು ತೇವದ ಗೆರೆಗಿಂತ ಎರಡಡಿ ಮೇಲಿನವರೆಗೆ ಉಳಿ-ಸುತ್ತಿಗೆಯಲ್ಲಿ ತೆಗೆಸಿ, ಬ್ರೇಕರ್ ಮಷಿನ್ ಬೇಡ, ಮಣ್ಣಿನ ಕೆಸರು ಅಲುಗುತ್ತದೆ. ಸಂದಿಗಳನ್ನು ಅರ್ಧ ಇಂಚು ಕೆರೆದು ಒಣ ಬ್ರಷ್‌ನಿಂದ ಉಪ್ಪು ಗುಡಿಸಿ ಹೊರಗೆ ಹಾಕಿ. ನೀರಲ್ಲಿ ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಒಂದು ಬೇಸಿಗೆ ಗೋಡೆಯನ್ನು ಹಾಗೇ ಬಿಡಿ. ಇದನ್ನು ಯಾರೂ ಬಿಡುವುದಿಲ್ಲ, ಕೆಲಸ ಕೆಡುವುದು ಇಲ್ಲೇ.

ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಬೇಕು, ಕಲ್ಲಿನ ಮೇಲೆ ನೀರು ಸುರಿಯಬಾರದು. ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಕಡ್ಡಾಯ. ಅರಳಿದ್ದನ್ನು ಸೋಸಿ ನೀರಿನಡಿ ಕನಿಷ್ಠ ಒಂದು ತಿಂಗಳು ಇಡಿ. ಕರಣೆಗೆ ಬೆಣ್ಣೆಯಂತೆ ಕುಯ್ಯಬೇಕು. ಅಂಗಡಿಯ ಪುಡಿ ಸುಣ್ಣ ತಂದರೆ ಒಂದು ಚಿಟಿಕೆಗೆ ನಿಂಬೆರಸ ಹಿಂಡಿ ನೋಡಿ. ಜೋರಾಗಿ ನೊರೆ ಬಂದರೆ ಅದು ಗಾಳಿ ಕುಡಿದು ಸತ್ತ ಸುಣ್ಣ. ಮೊದಲ ಕೋಟು ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ (ಇಟ್ಟಿಗೆ ಪುಡಿ), ಎರಡು ಪಾಲು ತೊಳೆದ ಮರಳು. ಸುರ್ಕಿ ಹದವಾಗಿ ಬೆಂದ ನಾಡ ಇಟ್ಟಿಗೆಯದಾಗಬೇಕು, ಕರಕಾದ ಇಟ್ಟಿಗೆಯ ಪುಡಿ ಬರೀ ಮರಳಿದ್ದಂತೆ. ಅರ್ಧ ಇಂಚಿಗಿಂತ ದಪ್ಪ ಒಂದೇ ಸಲ ಬಳಿದರೆ ಬಿರುಕು. ಎರಡು ಕೋಟಿನ ನಡುವೆ ಒಂದು ವಾರ, ಮೇಲೆ ಒದ್ದೆ ಗೋಣಿತಾಟು. ಬೆಲ್ಲ-ಅಳಲೆಕಾಯಿ ನೀರು ಹದಕ್ಕೆ ಒಳ್ಳೆಯದು, ಆದರೆ ಬೆಲ್ಲ ಹೆಚ್ಚಾದರೆ ಗಾರೆ ಗಟ್ಟಿಯಾಗಲು ತಡವಾಗುತ್ತದೆ. ಮೊದಲ ಎರಡು ವರ್ಷ ಕೆಳಗಿನ ಮೂರಡಿ ಗಾರೆ ಉಪ್ಪು ಕುಡಿದು ಉದುರುತ್ತದೆ. ಅದು ಸೋಲಲ್ಲ, ಆ ಗಾರೆ ಹಾಕುವುದೇ ಉದುರಲಿ ಎಂದು, ಇಟ್ಟಿಗೆ ಉಳಿಯಲಿ ಎಂದು. ಮೇಲೆ ಸುಣ್ಣವನ್ನೇ ಬಳಿಯಿರಿ, ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಮಾಡಿದ್ದೆಲ್ಲ ವ್ಯರ್ಥ.


ತೊಲೆಜಂತೆ:

5 ಇಂಚು ಕೂತ ಗರ್ಡರ್, ಮಣ್ಣಿನ ಕೆಸರಿನ ತುಂಡು, ಮುಕ್ಕಾಲು ಇಂಚು ವಾಲಿಕೆ. ಗಾರೆ ಕೆಲಸಕ್ಕೆ ಮೊದಲು ಇದು ಆಗಲೇಬೇಕು. ಇವತ್ತೇ ಗರ್ಡರ್ ತುದಿಯ ಕೆಳಗೆ ಎರಡು ಉಕ್ಕಿನ ಜಾಕ್ ಕೊಡ್ರಿ, ಅಡಿಗೆ ಹಲಗೆಯಿಟ್ಟು. ಜಾಕನ್ನು ಬರೀ ಟೈಲ್ಸ್ ಮೇಲೆ ನಿಲ್ಲಿಸಿದರೆ ಒಡೆದು ಜಾರುತ್ತದೆ, ಆ ಹಗೇವು ಎಲ್ಲಿದೆ ಎಂದು ಖಾತ್ರಿ ಮಾಡಿಕೊಂಡೇ ನಿಲ್ಲಿಸಿ. ಆಮೇಲೆ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ಅವರು ಮೇಲಿನ ಗೋಡೆಗೆ ಮೂರು-ನಾಲ್ಕು ಅಡಿಗೊಂದು ಗಿಡ್ಡ ಗರ್ಡರ್ ಅಡ್ಡಲಾಗಿ ತೂರಿಸಿ ಭಾರ ಹಿಡಿಸಿ, ಆ ತುಂಡನ್ನು ಬಿಚ್ಚಿ ಹೊಸದಾಗಿ ಕಟ್ಟಿಸುತ್ತಾರೆ. ಅಗಲ ಎರಡಡಿ ಎರಡಿಂಚಿಗೆ ಹೆಚ್ಚಿಸಿ, ಷಟರ್ 7 ಅಡಿ ಆದರೂ ಅಂಗಡಿ ನಡೆಯುತ್ತದೆ. ಇಟ್ಟಿಗೆ ಕೆಲಸಕ್ಕೆ ಒಂದು ಸಿಮೆಂಟ್, ಒಂದು ಸುಣ್ಣ, ಆರು ಮರಳು ಸಾಕು. ನಾಲ್ಕು ವರಸೆಗೊಮ್ಮೆ ಹಳೆಯ ಗೋಡೆಗೆ ಇಟ್ಟಿಗೆ ಕಚ್ಚಿಸಿ ಹೊಲಿಗೆ ಹಾಕಬೇಕು. ಗರ್ಡರ್ ಕೂರಲು ಒಂದಡಿ, ಕೆಳಗೆ ಆರಿಂಚು ದಪ್ಪದ ಹಾಸುಗಲ್ಲು. ಬಿರುಕಿಗೆ ಉಕ್ಕಿನ ಕಡ್ಡಿ ಹೊಲಿಯೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡ್ರಿ. ಆ ಕಡ್ಡಿಗೆ ಹಿಡಿತ ಬೇಕು, ಮಣ್ಣಿನ ಕೆಸರು ಹಿಡಿತ ಕೊಡದು.

ಮೇಲಿನ ರೂಮು ನನ್ನ ಪ್ರಕಾರ ಹೋಗಬೇಕು. ಅದರ ಜೊತೆ ತಾರಸಿಯ ಕಾಂಕ್ರೀಟನ್ನೂ ತೆಗೆದು, ಎರಡೂವರೆ ಪಾಲು ಇಟ್ಟಿಗೆ ಚೂರಿಗೆ ಒಂದು ಪಾಲು ಸುಣ್ಣ ಬೆರೆಸಿ ನಾಲ್ಕಿಂಚು ಹಾಸಿ, ಮರದ ಕೊಡತಿಯಲ್ಲಿ ವಾರವಿಡೀ ಬಡಿದು ಮೂರಿಂಚಿಗೆ ತನ್ನಿ. ಮೇಲೆ ಚಪ್ಪಟೆ ಹೆಂಚಿನ ಬಿಲ್ಲೆ.

ತೊಟ್ಟಿಯ ಮೋಲ್ಡ್ ಮಾತ್ರ ಅವಸರದಲ್ಲಿ ಒಡೆಯಬೇಡ್ರಿ. ಅದು ಬೆಳಕು, ಗಾಳಿ ಎರಡನ್ನೂ ಕಸಿದಿದೆ ನಿಜ. ಆದರೆ ಇಷ್ಟು ವರ್ಷದಿಂದ ನಾಲ್ಕು ಕಡೆಯ ಗೋಡೆಗಳು ಅದಕ್ಕೆ ಒರಗಿ ನಿಂತಿರಬಹುದು. ತೊಟ್ಟಿಯ ಸುತ್ತಲಿನ ಮೂಲ ಕಂಬ, ಬೋದಿಗೆ (ಕಂಬದ ತಲೆಯ ಮೇಲೆ ಕೂರುವ ಮರ), ತೊಲೆ ಇನ್ನೂ ಇವೆಯೇ ಅಥವಾ ಮೋಲ್ಡ್ ಹಾಕುವಾಗ ಕಿತ್ತಿದ್ದಾರೆಯೇ? ಅವು ಇದ್ದು, ತೊಲೆ-ಕಂಬದ ಕೀಲು ಬಿಗಿಯಾಗಿದ್ದರೆ ಮೋಲ್ಡನ್ನು ಕಟರ್‌ನಿಂದ ತುಂಡು ತುಂಡಾಗಿ ಕೊಯ್ದು ಇಳಿಸಬಹುದು. ಕಿತ್ತಿದ್ದರೆ ಹೊಸ ತೊಲೆಯ ಚೌಕಟ್ಟು ಮೊದಲು ಕೂರಬೇಕು, ಆಮೇಲೆ ಮೋಲ್ಡ್ ಇಳಿಯಬೇಕು. ತೊಟ್ಟಿಯ ನೀರು ಹೋಗುತ್ತಿದ್ದ ಕಲ್ಲಿನ ತೂಬು ಟೈಲ್ಸ್ ಕೆಳಗೆ ಎಲ್ಲಿದೆ, ಬೀದಿ ಏರಿದ ಮೇಲೆ ಅದು ಹೊರಕ್ಕೆ ಹರಿಯುತ್ತದೆಯೇ ಅಥವಾ ಒಳಕ್ಕೆ ಬರುತ್ತದೆಯೇ, ಅದನ್ನು ಮೊದಲ ಮಳೆಗೆ ಮುಂಚೆ ಹುಡುಕಿ ಇಲ್ಲಿ ಬರೀರಿ. ಕಂಬಗಳ ಫೋಟೋ ಹಾಕುವಾಗ ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ತೆಗೀರಿ.